ಸೋಮವಾರ ತಿರುಗದ ಚಕ್ರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಖುಷಿಯೂ ಅದರ ಪಕ್ಕದಲ್ಲೇ ಕೂತಿರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಯಂತ್ರ ಎರಡು ಅಡಿ ಮುಂದೆ ಹೋದರೆ ನಾನು ನಾಲ್ಕು ಅಡಿ ಮೇಲಕ್ಕೆ ಜಿಗಿಯುತ್ತೇನೆ. ರೋಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ, ನಲವತ್ತು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಕುಣಿಯುವುದನ್ನು ಪುರ್ತಗೇರಿಯ ಜನ ಮೂರು ನಾಲ್ಕು ವರ್ಷದಿಂದ ನೋಡುತ್ತ ಬಂದಿದ್ದಾರೆ. ಮೊದಮೊದಲು ದಾರಿಯಲ್ಲಿ ನಿಂತು ನೋಡುತ್ತಿದ್ದರು. ಈಗ ಎಮ್ಮೆ ಸಹ ತಲೆ ಎತ್ತುವುದಿಲ್ಲ.

ಪುರ್ತಗೇರಿ ನನ್ನ ತವರು. ಗಜೇಂದ್ರಗಡದಲ್ಲಿ ಬಸ್ಸು ಬದಲಿಸಿದರೆ ಸಿಗುವ ಊರು. ಅಲ್ಲಿ ಅಪ್ಪನ ಹೊಲ, ಅಪ್ಪನ ಕೊಟ್ಟಿಗೆ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಎತ್ತುಗಳು ಬೇರೆಯವರ ಮನೆ ಸೇರಿದವು, ಕೊಟ್ಟಿಗೆ ಖಾಲಿ ಉಳಿಯಿತು. ಎತ್ತು ಹೋದ ಮೇಲೆ ಎಡೆ ಹೊಡೆಯುವವರು ಯಾರು? ಹೆಸರುಕಾಳಿನ ಸಾಲುಗಳ ನಡುವೆ ಕಳೆ ಎದ್ದಾಗ ಅದನ್ನು ಕಿತ್ತುಹಾಕಲು ಎತ್ತಿಗೆ ಕಟ್ಟಿದ ಎಡೆಕುಂಟೆ ಹಾಯಿಸಲೇಬೇಕು. ಊರಲ್ಲಿ ಎತ್ತು ಇದ್ದವರೆಲ್ಲ ಮೊದಲು ತಮ್ಮ ಹೊಲ ಮುಗಿಸಿಕೊಳ್ಳುತ್ತಾರೆ. ಅಪ್ಪನ ಸರದಿ ಬರುವ ಹೊತ್ತಿಗೆ ಕಳೆಯೇ ಬೆಳೆಯಾಗಿರುತ್ತಿತ್ತು. ಅದನ್ನು ನೋಡಿ ನನ್ನ ತಲೆಯಲ್ಲಿ ಹುಳ ಹೊಕ್ಕಿತು: ಸಾಲು ನೋಡಿಕೊಂಡು ತಾನೇ ನಡೆಯುವ, ಹಿಂದೆ ಸಣ್ಣ ಕುಂಟೆ ಎಳೆಯುವ ಒಂದು ಯಂತ್ರ ಮಾಡಿದರೆ ಹೇಗೆ?

ಮಾಡಿದೆ. ಗಜೇಂದ್ರಗಡದ ವೆಲ್ಡಿಂಗ್ ಅಂಗಡಿಯಲ್ಲಿ ಮೊಣಕಾಲೆತ್ತರದ ಚೌಕಟ್ಟು ಮಾಡಿಸಿ, ನಾಲ್ಕು ಚಕ್ರ, ನಾಲ್ಕು ಮೋಟಾರು, ಕಣ್ಣಿನ ಬದಲು ಒಂದು ಕ್ಯಾಮೆರಾ, ದಿನ ವೇಳೆ ತಿಳಿಯಲು ಗುಂಡಿಯಷ್ಟು ಬ್ಯಾಟರಿಯ ಒಂದು ಗಡಿಯಾರ, ತಲೆಯ ಮೇಲೆ ತಗಡಿನ ಮುಚ್ಚಳ ಹಾಕಿಸಿದೆ. ಅಪ್ಪ ಅದನ್ನು ಕಂಡ ಕೂಡಲೇ ಇಟ್ಟ ಹೆಸರು ‘ತಗಡ’. ಪ್ರತಿ ಭಾನುವಾರ ಬೆಳಿಗ್ಗೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ನಿಲ್ಲುವುದು, ಇಡೀ ದಿನ ಹೊಲದಲ್ಲಿ ತಗಡಿನ ಜೊತೆ ಜಗಳವಾಡುವುದು, ಸಂಜೆ ಕೆಮ್ಮಣ್ಣೋ ಕರಿಮಣ್ಣೋ ಮೆತ್ತಿದ ಕಾಲಿನಲ್ಲಿ ಮನೆಗೆ ಬರುವುದು. ಇದೇ ನನ್ನ ವಾರದ ರಜೆ.

ಯಂತ್ರದ ಮೈ ಅಪ್ಪನ ಕೊಟ್ಟಿಗೆಯಲ್ಲಿತ್ತು. ಬುದ್ಧಿ ಇದ್ದದ್ದು ಇಂಟರ್ನೆಟ್ಟಿನಲ್ಲಿ.

ಮೊದಲು ಹಾಗಿರಲಿಲ್ಲ. ಮೊದಲ ವರ್ಷ ಬರೆದದ್ದನ್ನೆಲ್ಲ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ದಸರೆ ಸೂಟಿಯಲ್ಲಿ ಯಾರೋ ವೈರಸ್ ಬಂದಿದೆ ಎಂದು ಎಲ್ಲ ಕಂಪ್ಯೂಟರುಗಳನ್ನೂ ಅಳಿಸಿ, ಹೊಸದಾಗಿ ತೊಳೆದು ಇಟ್ಟುಬಿಟ್ಟಿದ್ದರು. ತೆರೆದು ನೋಡಿದರೆ ಉಂಡು ತೊಳೆದಿಟ್ಟ ತಟ್ಟೆ. ಎರಡು ದಿನ ಅತ್ತೆ. ಮೂರನೆಯ ದಿನ ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ನಾಲ್ಕನೆಯ ದಿನ ಕೋಡ್ ಇಡುವ ಆನ್‌ಲೈನ್ ಭಂಡಾರವೊಂದರಲ್ಲಿ ಖಾತೆ ತೆರೆದೆ. ಅಲ್ಲಿ ಇಟ್ಟದ್ದು ಅಳಿಯುವುದಿಲ್ಲ. ಇಂದು ಒಂದು ಸಾಲು ತಿದ್ದಿದರೆ ನಿನ್ನೆಯ ಸಾಲೂ ಹಾಗೇ ಉಳಿದಿರುತ್ತದೆ. ಲೋಕದ ಯಾವ ಮೂಲೆಯವರಾದರೂ ಬಂದು ನೋಡಬಹುದು, ಒಯ್ದು ತಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು, ತಪ್ಪು ಕಂಡರೆ ದೂರು ಬರೆಯಬಹುದು, ತಿದ್ದುಪಡಿ ಮಾಡಿ ‘ಇದನ್ನು ಒಪ್ಪಿಕೊಳ್ಳುವಿರಾ’ ಎಂದು ಬಾಗಿಲಲ್ಲಿ ಇಟ್ಟುಹೋಗಬಹುದು. ಒಪ್ಪುವುದು ಬಿಡುವುದು ಒಡತಿಯ ಇಷ್ಟ. ಒಡತಿ ಎಂದರೆ ನಾನು! ಈ ಅಧಿಕಾರ ನನಗೆ ನಮ್ಮ ಮನೆಯ ಅಡುಗೆಮನೆಯಲ್ಲೂ ಪೂರ್ತಿ ಸಿಕ್ಕಿಲ್ಲ.

ಅವ್ವ ಖಾರದಪುಡಿ ಒಂದು ಡಬ್ಬಿ, ಮಸಾಲೆ ಒಂದು ಡಬ್ಬಿ, ಗುರೆಳ್ಳು ಚಟ್ನಿ ಒಂದು ಡಬ್ಬಿ ಎಂದು ಬೇರೆ ಬೇರೆ ಇಡುತ್ತಿದ್ದಂತೆ ನಾನೂ ಯಂತ್ರದ ಬುದ್ಧಿಯನ್ನು ನಾಲ್ಕು ಡಬ್ಬಿಗೆ ಹಾಕಿದೆ. ‘ಚಕ್ರ’ ಎಂದರೆ ಮೋಟಾರು ತಿರುಗಿಸುವುದು. ‘ಸಾಲು’ ಎಂದರೆ ಕ್ಯಾಮೆರಾದಲ್ಲಿ ಬೆಳೆಯ ಸಾಲು ಗುರುತಿಸುವುದು. ‘ತಿರುವು’ ಎಂದರೆ ಬದು ಬಂದಾಗ ಹೊರಳಿ ಪಕ್ಕದ ಸಾಲು ಹಿಡಿಯುವುದು. ‘ಕುಂಟೆ’ ಎಂದರೆ ಕುಂಟೆ ಇಳಿಸಿ ಎತ್ತುವುದು. ಒಂದು ಕೆಟ್ಟರೆ ಇನ್ನೊಂದನ್ನು ಮುಟ್ಟಬೇಕಿಲ್ಲ. ಒಂದೊಂದು ಸಲ ಉಳಿಸುವಾಗಲೂ ಏನು ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು, ಅದು ಅಲ್ಲಿನ ರಿವಾಜು. ಬೇರೆಯವರು ‘ವೇಗ ಸರಿಪಡಿಸಿದೆ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ನನ್ನವು ಹೀಗಿರುತ್ತಿದ್ದವು: ‘ಇನ್ನಾದರೂ ಎಡಕ್ಕೆ ತಿರುಗು, ನಿನ್ನ ಕಾಲು ಬೀಳುತ್ತೇನೆ.’ ‘ರೊಟ್ಟಿ ಬಡಿಯುವಾಗ ಹೊಳೆಯಿತು, ಹಿಟ್ಟಿನ ಕೈಯಲ್ಲೇ ಬರೆದೆ.’ ‘ನಿನ್ನೆ ಬರೆದವಳು ಹುಚ್ಚಿ, ಇವತ್ತಿನವಳು ತಿದ್ದಿದ್ದಾಳೆ.’ ಎಲ್ಲ ಕನ್ನಡದಲ್ಲೇ. ಯಾರು ಓದಬೇಕು?

ಆ ಭಂಡಾರದಲ್ಲಿ ಮೆಚ್ಚಿಗೆಯಾದರೆ ನಕ್ಷತ್ರ ಒತ್ತುತ್ತಾರೆ. ಒಂದು ದಿನ ‘ಚಕ್ರ’ದ ಮುಂದೆ ಒಂದು ನಕ್ಷತ್ರ ಕಂಡಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲ್ಯಾಬಿನವರಿಗೆಲ್ಲ ಗಿರ್ಮಿಟ್ಟು ಮಿರ್ಚಿ ತರಿಸಿದೆ. ಗಂಡನಿಗೆ ಫೋನು ಮಾಡಿ ಕಿರುಚಿದೆ. ಮರುದಿನ ನೋಡುತ್ತೇನೆ, ಅದು ನನ್ನದೇ ಹೆಬ್ಬೆರಳು ಬಸ್ಸಿನ ಕುಲುಕಾಟದಲ್ಲಿ ಒತ್ತಿದ ನಕ್ಷತ್ರ. ಯಾರಿಗೂ ಹೇಳಲಿಲ್ಲ. ಈಗ ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ, ಮಿರ್ಚಿ ತಿಂದವರು ಕ್ಷಮಿಸಬೇಕು.

ಇನ್ನು ಅಪ್ಪನ ಷರತ್ತಿಗೆ ಬರುತ್ತೇನೆ. ಎರಡನೆಯ ವರ್ಷ, ತಗಡನ್ನು ಮೊದಲ ಸಲ ಕೊಟ್ಟಿಗೆಯಿಂದ ಹೊಲಕ್ಕೆ ಇಳಿಸುವ ದಿನ ಅಪ್ಪ ಬದುವಿನಲ್ಲಿ ಕೋಲು ಅಡ್ಡ ಹಿಡಿದು ನಿಂತ.

“ಎತ್ತಿನ ಕೆಲಸ ಮಾಡತೈತಿ ಅಂದ್ರ ಅದೂ ಎತ್ತ. ಸೋಮವಾರ ಹೂಡಂಗಿಲ್ಲ. ಹಂಗಂತ ಮಾತ ಕೊಡು, ಆಮ್ಯಾಲ ಇಳಸು.”

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎಂಥ ಹದ ಬಂದಿರಲಿ, ಮೋಡ ತಲೆ ಮೇಲಿರಲಿ, ಆ ದಿನ ಎತ್ತಿಗೆ ಮೈ ತೊಳೆದು ಮೇವು ಹಾಕುವುದಷ್ಟೇ ಕೆಲಸ.

“ಅಪ್ಪಾ, ನೀನ ಇದಕ್ಕ ತಗಡ ಅಂತಿ. ತಗಡಿಗೆ ಎಂಥಾ ಸೋಮವಾರ? ಟ್ರ್ಯಾಕ್ಟರ್ ಸೋಮವಾರ ಓಡ್ಸಂಗಿಲ್ಲೇನು ಮಂದಿ?”

“ಟ್ರ್ಯಾಕ್ಟರಿಗೆ ಕಣ್ಣಿಲ್ಲ. ಮ್ಯಾಲ ಕುಂತಾಂವ ತಿರುವಿದ ಕಡೆ ತಿರುಗತೈತಿ. ಇದಕ್ಕ ನೀನ ಕಣ್ಣ ಕೊಟ್ಟಿ. ತಾನ ಸಾಲ ನೋಡಿ ನಡೀತೈತಿ ಅಂತಿ. ತಿಳುವಳಿಕಿ ಇದ್ದದ್ದಕ್ಕ ವಾರಕ್ಕೊಂದ ದಿನ ಸೂಟಿ ಬೇಕು.”

ಸಿಟ್ಟಿನಿಂದ ಅಲ್ಲೇ ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ‘ಚಕ್ರ’ದೊಳಗೆ ನಾಲ್ಕು ಸಾಲು ಬರೆದೆ: ಗಡಿಯಾರದಲ್ಲಿ ಸೋಮವಾರ ಇದ್ದರೆ ಮೋಟಾರಿಗೆ ಅಪ್ಪಣೆ ಕೊಡಬೇಡ. “ಬರದೆ, ಆತೇನು?” ಎಂದೆ. ಅಪ್ಪ ಪರದೆಯನ್ನು ನೋಡಿದ. ಅವನಿಗೆ ಓದು ಬರಹ ಬಾರದು. “ಹೂಂ” ಎಂದು ಕೋಲು ತೆಗೆದ. ತಗಡ ಹೊಲಕ್ಕೆ ಇಳಿಯಿತು, ಎಂಟು ಹೆಜ್ಜೆ ನಡೆದು ಹೆಸರಿನ ಗಿಡ ತುಳಿಯಿತು, ನಾನು ಕುಣಿದೆ, ಆ ನಾಲ್ಕು ಸಾಲು ಮರೆತೇ ಹೋಯಿತು.

ಮರೆಯದೆ ಇನ್ನೇನು? ನಾನು ಹೊಲಕ್ಕೆ ಹೋಗುವುದು ಭಾನುವಾರ. ಸೋಮವಾರ ನಾನು ಲ್ಯಾಬಿನಲ್ಲಿ, ತಗಡ ಕೊಟ್ಟಿಗೆಯಲ್ಲಿ. ಆ ಸಾಲುಗಳು ಮೂರು ವರ್ಷ ಒಮ್ಮೆಯೂ ನನಗೆ ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ಬೇರೆ ಯಾರಿಗೋ. ಹೋದ ವರ್ಷ ‘ಚಕ್ರ’ದ ಬಾಗಿಲಿಗೆ ಒಂದು ದೂರು ಬಂತು. ಬರೆದವರು ಗಂಡೋ ಹೆಣ್ಣೋ, ಯಾವ ದೇಶವೋ ಗೊತ್ತಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದು ವೃತ್ತ. ಗಾಜಿನ ಮನೆಯೊಳಗೆ ಸಸಿಯ ಟ್ರೇ ಹೊರುವ ಒಂದು ಸಣ್ಣ ಗಾಡಿ ಮಾಡಿದ್ದರಂತೆ, ಅದಕ್ಕೆ ನನ್ನ ‘ಚಕ್ರ’ ಹಾಕಿಕೊಂಡಿದ್ದರಂತೆ. ಇಂಗ್ಲಿಷಿನಲ್ಲಿದ್ದ ಮಾತಿನ ಸಾರ ಇಷ್ಟು: ‘ನಿಮ್ಮ ಚಕ್ರ ವಾರದಲ್ಲಿ ಆರು ದಿನ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸೋಮವಾರ ತಿರುಗುವುದಿಲ್ಲ. ಬ್ಯಾಟರಿ, ಮೋಟಾರು, ತಂತಿ ಎಲ್ಲ ಬದಲಿಸಿ ನೋಡಿದೆ. ಇದು ಸಾಧ್ಯವೇ?’

ನನ್ನ ಮೈ ಉರಿದುಹೋಯಿತು. ಲೋಕದಲ್ಲಿ ಮೊದಲ ಬಾರಿ ಒಬ್ಬರು ನನ್ನ ಡಬ್ಬಿ ಮುಚ್ಚಳ ತೆಗೆದಿದ್ದಾರೆ, ಅದೂ ಗೇಲಿ ಮಾಡುವುದಕ್ಕೆ! ಆರು ದಿನ ತಿರುಗಿ ಏಳನೆಯ ದಿನ ಮುನಿಸಿಕೊಳ್ಳಲು ಅದೇನು ನಾನೇ? ಬಸ್ಸಿನಲ್ಲಿ ನಿಂತುಕೊಂಡೇ ಉತ್ತರ ಒತ್ತಿದೆ: ‘ನನ್ನ ಯಂತ್ರದಲ್ಲಿ ಇಂಥ ತೊಂದರೆ ಇಲ್ಲ. ದಯವಿಟ್ಟು ನಿಮ್ಮ ಸೋಮವಾರವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.’ ದೂರು ಮುಚ್ಚಿದೆ. ಕೋಡ್ ತೆರೆದು ನೋಡುವ ಸೌಜನ್ಯ ಸಹ ತೋರಿಸಲಿಲ್ಲ.

ಎರಡು ವಾರದ ಮೇಲೆ ಅವರು ಒಂದು ತಿದ್ದುಪಡಿ ಮಾಡಿ ಬಾಗಿಲಲ್ಲಿ ಇಟ್ಟರು. ‘ಸೋಮವಾರದ ಬಗ್ಗೆ’ ಎಂಬ ತಲೆಬರಹ ಕಂಡೇ ಕಣ್ಣು ತಿರುಗಿಸಿದೆ. “ಒಮ್ಮಿ ತಗದರ ನೋಡು” ಎಂದ ಗಂಡ. “ಯಾಕ ನೋಡ್ಲಿ? ನನ್ನ ಚಾಷ್ಟಿ ಮಾಡಿ ನಗಾಕ ಹತ್ಯಾರ” ಎಂದೆ. ಅದು ತಿಂಗಳುಗಟ್ಟಲೆ ಹಾಗೇ ಹೊರಗೆ ನಿಂತಿತ್ತು.

ಗಂಡನ ಮಾತು ಬಂತಲ್ಲ, ಅವನಿಗೆ ನಾನು ಕೊಟ್ಟ ಮಾತನ್ನೂ ಹೇಳಬೇಕು. ಅವನು ರೋಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಅವನಿಗೂ ಭಾನುವಾರ ಒಂದೇ ಬಿಡುವು. ಈ ವರ್ಷ ಮುಂಗಾರಿನ ಮೊದಲ ಹನಿ ಬಿದ್ದಾಗ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದ: “ಐದ ವರ್ಷ ಆತು, ಒಂದ ಭಾನುವಾರ ನಿನ್ನ ಮಾರಿ ನೋಡಿಲ್ಲ. ಈ ಹಂಗಾಮಿನ್ಯಾಗ ಯಾರರ ಅದನ್ನ ಕೆಲಸಕ್ಕ ಕರದ್ರ ನನ್ನ ತಕರಾರ ಇಲ್ಲ. ಯಾರೂ ಕರೀಲಿಲ್ಲಂದ್ರ ಬಿಚ್ಚಿ ಇಡು.” ಅವನು ಜೋರು ಮಾಡಲಿಲ್ಲ, ಅದಕ್ಕೇ ನನ್ನ ಮುಖ ಸಣ್ಣದಾಯಿತು. “ಬಿಚ್ಚಿ ಇಡ್ತೀನಿ, ಅಪ್ಪನಾಣೆ” ಎಂದೆ. ಸುಮ್ಮನೆ ಬಾಯಿಮಾತಿಗಲ್ಲ. ಮೋಟಾರು ಯಾರಿಗೆ, ಕ್ಯಾಮೆರಾ ಯಾರಿಗೆ ಎಂದು ಮನಸ್ಸಿನಲ್ಲೇ ಹಂಚಿಯೂ ಬಿಟ್ಟಿದ್ದೆ, ಹಂಚುವಾಗ ಕಣ್ಣಲ್ಲಿ ನೀರು ಬಂದಿತ್ತು.

ಕರೆ ಬಂದದ್ದು ನರಗುಂದದ ಕಡೆಯ ಶಿರೋಳದಿಂದ. ಮೊಮ್ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ಒಬ್ಬ ಹಿರಿಯರು ನನ್ನ ಫೋನಿನಲ್ಲಿ ತಗಡ ನಡೆಯುವ ವಿಡಿಯೋ ನೋಡಿದರು. ಗುಲಾಬಿ ರುಮಾಲು, ಅರ್ಧ ಮುಚ್ಚಿದ ಕಣ್ಣು, ಹತ್ತಿಪ್ಪತ್ತು ರೈತರ ಗುಂಪಿಗೆ ಮುಖ್ಯಸ್ಥರು. ಮೂರು ಸಲ ನೋಡಿ ಫೋನು ವಾಪಸು ಕೊಟ್ಟರು.

“ನಮ್ಮ ಹೆಸರಿನ ಹೊಲಕ್ಕ ತಂದ ತೋರಸ್ರಿ ಬಾಯಾರ. ಚಲೋ ಅನಿಸಿದ್ರ ಈ ಹಂಗಾಮ ಪೂರ್ತಿ ನಮ್ಮಲ್ಲೇ ದುಡೀಲಿ.”

“ಯಾವತ್ತ ಬರ್ಲಿರಿ?”

“ಬರೂ ಸೋಮವಾರ ಬರ್ರಿ. ಅವತ್ತ ಎತ್ತ ಹೂಡಂಗಿಲ್ಲ ನೋಡ್ರಿ, ಮಂದಿ ಎಲ್ಲಾ ಖಾಲಿ ಇರ್ತಾರ.”

ಇಷ್ಟು ಸ್ಪಷ್ಟವಾಗಿ ಹೇಳಿದರು. ಎತ್ತು ಹೂಡುವುದಿಲ್ಲ ಎಂದೇ ಹೇಳಿದರು. ನನ್ನ ತಲೆಯಲ್ಲಿ ಒಂದು ಗಂಟೆಯಾದರೂ ಹೊಡೆಯಬೇಕೋ ಬೇಡವೋ? ಇಲ್ಲ. ನಾನು ಸೋಮವಾರಕ್ಕೆ ರಜೆ ಚೀಟಿ ಬರೆಯುವ ಸಂಭ್ರಮದಲ್ಲಿದ್ದೆ.

ಆ ಸೋಮವಾರ ಬೆಳಿಗ್ಗೆ ಪುರ್ತಗೇರಿಯಿಂದ ಒಂದು ಸಣ್ಣ ಟೆಂಪೋದಲ್ಲಿ ತಗಡನ್ನು ಹೇರಿಕೊಂಡು ಹೊರಟೆವು. ಅಪ್ಪ ಬರುತ್ತೇನೆಂದು ಹಟ ಹಿಡಿದ. ಮುಂದೆ ಕೂರು ಎಂದರೆ ಕೇಳದೆ ಹಿಂದೆ ಹತ್ತಿ, ತಗಡಿಗೆ ಹಗ್ಗ ಬಿಗಿದು, ಹಗ್ಗದ ತುದಿ ಕೈಯಲ್ಲಿ ಹಿಡಿದು ಕೂತ. ಗಜೇಂದ್ರಗಡ ದಾಟಿ, ರೋಣ ದಾಟಿ, ನರಗುಂದದ ಗುಡ್ಡ ಎದುರಾಗುವವರೆಗೂ ನಾನು ಹಿಂದಿನ ಸರಳಿಗೆ ಜೋತುಬಿದ್ದು ಮಾತಾಡುತ್ತಲೇ ಇದ್ದೆ. ಅಪ್ಪ ಒಂದೇ ಒಂದು ಮಾತು ಆಡಿದ.

“ಇವತ್ತ ಸೋಮವಾರ.”

“ಹೌದಪ್ಪಾ! ಅದಕ್ಕ ಎಲ್ಲಾರೂ ಖಾಲಿ ಅದಾರ” ಎಂದೆ.

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ ಮುಖ ಆ ಕಡೆ ಮಾಡಿದ. ಟೆಂಪೋದ ಕುಲುಕಾಟಕ್ಕೆ ಮೊಣಕಾಲು ನೋಯುತ್ತಿರಬೇಕು ಎಂದುಕೊಂಡೆ.

ಶಿರೋಳದ ಹೊಲದ ಬದುವಿನಲ್ಲಿ ನಲವತ್ತು ಜನ ಸೇರಿದ್ದರು. ಮೊಣಕಾಲ ಕೆಳಗಿನ ಹೆಸರು, ಗೆರೆ ಎಳೆದಂಥ ಸಾಲು, ಹದವಾದ ಕರಿಮಣ್ಣು. ಇದಕ್ಕಿಂತ ಒಳ್ಳೆಯ ಹೊಲ ಕನಸಿನಲ್ಲೂ ಸಿಗುವುದಿಲ್ಲ. ತಗಡನ್ನು ಸಾಲಿನ ತುದಿಗೆ ನಿಲ್ಲಿಸಿ, ಎರಡು ಮಾತು ಹೇಳಿ, ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಕ್ಯಾಮೆರಾ ಸಾಲು ಹಿಡಿಯಿತು. ಕುಂಟೆ ಗರ್‌ ಎಂದು ಇಳಿದು ಮಣ್ಣಿಗೆ ಕೂತಿತು. “ಆಹಾ” ಎಂದರು ಯಾರೋ. ಅಷ್ಟೇ. ಚಕ್ರ ಅಲುಗಲಿಲ್ಲ.

ಮತ್ತೆ ಒತ್ತಿದೆ. ಕುಂಟೆ ಎದ್ದಿತು, ಕೂತಿತು. ಚಕ್ರ ಇಲ್ಲ. ನಗೆಯಾಡುತ್ತ ತಂತಿ ನೋಡಿದೆ, ನಗೆ ನಿಲ್ಲಿಸಿ ಬ್ಯಾಟರಿ ನೋಡಿದೆ. ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು ಹಚ್ಚಿದೆ. ಬದುವಿನ ಮೇಲಿನಿಂದ ಸಲಹೆಗಳು ಸುರಿಯತೊಡಗಿದವು. “ಎಣ್ಣಿ ಐತೇನ ನೋಡ್ರಿ.” “ಮೂಡಲಕ್ಕ ಮುಖಾ ಮಾಡ್ರಿ.” “ಒಂದ ಕಾಯಿ ಒಡೀಬೇಕಿತ್ತು.” “ಹಿಂದಿಂದ ಸ್ವಲ್ಪ ನೂಕೋಣೇನು?” ನೂಕಿದರು ಕೂಡ. ತಗಡ ನಾಲ್ಕು ಕಾಲು ಊರಿ ಮೊಂಡು ಬಿದ್ದ ಕರುವಿನ ಹಾಗೆ ನಿಂತಿತು. ಅಪ್ಪನಾಣೆ ಇಟ್ಟಿದ್ದೇನೆ, ಬಿಚ್ಚಿ ಇಡುವುದೇ ಸೈ ಎಂದುಕೊಂಡೆ. ಕುಂಟೆ ಇಳಿಯುತ್ತದೆ, ಕಣ್ಣು ಕಾಣುತ್ತದೆ, ಬುದ್ಧಿ ಇದೆ, ಚಕ್ರ ಮಾತ್ರ ಯಾಕೆ? ನಿನ್ನೆ ತಾನೇ ಪುರ್ತಗೇರಿಯಲ್ಲಿ ಗಾಳಿಯಂತೆ ಓಡಿದೆ. ಬ್ಯಾಟರಿ, ಮೋಟಾರು, ತಂತಿ ಎಲ್ಲ ನೋಡಿದೆ…

ಬ್ಯಾಟರಿ, ಮೋಟಾರು, ತಂತಿ. ಈ ಮಾತನ್ನು ಎಲ್ಲಿ ಓದಿದ್ದೆ?

ಫೋನು ತೆಗೆದೆ. ಹೊಲದಲ್ಲಿ ನೆಟ್‌ವರ್ಕ್ ಇಲ್ಲ. ಕಾಲುವೆಯ ದಂಡೆ ಹತ್ತಿದೆ, ಅಲ್ಲಿ ಎರಡು ಕಡ್ಡಿ ಬಂದವು. ಭಂಡಾರ ತೆರೆದು ‘ಚಕ್ರ’ದಲ್ಲಿ ಸೋಮವಾರ ಎಂದು ಹುಡುಕಿದೆ. ನನ್ನ ನಾಲ್ಕು ಸಾಲು, ಮೂರು ವರ್ಷ ಹಿಂದಿನ ತಾರೀಖು. ಅದರ ನೆತ್ತಿಯ ಮೇಲೆ ಕನ್ನಡದಲ್ಲಿ ನನ್ನದೇ ಟಿಪ್ಪಣಿ: ‘ಅಪ್ಪನ ಮಾತಿಗೆ. ಸೋಮವಾರ ಚಕ್ರ ತಿರುಗಕೂಡದು.’

ನನಗೆ ನಗು ಬಂತು. ಎಂಥ ನಗು ಎಂದರೆ ದಂಡೆಯ ಮೇಲೆ ಕೂತುಬಿಡಬೇಕಾಯಿತು. ಕೆಳಗೆ ನಲವತ್ತು ಜನ, ನನ್ನ ಐದು ವರ್ಷದ ಭಾನುವಾರಗಳು ಮಣ್ಣುಪಾಲಾಗುತ್ತಿವೆ, ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೇನೆ. ನಗುತ್ತಲೇ ಆ ಬೂದು ವೃತ್ತದವರ ತಿದ್ದುಪಡಿ ತೆರೆದೆ. ತಿಂಗಳುಗಟ್ಟಲೆ ಬಾಗಿಲಲ್ಲಿ ನಿಂತಿದ್ದ ಮಾತು ಹೀಗಿತ್ತು: ‘ಕಾರಣ ಸಿಕ್ಕಿತು. ಮೇಲಿನ ಟಿಪ್ಪಣಿಯ ಲಿಪಿ ನನಗೆ ಓದಲು ಬರುವುದಿಲ್ಲ. ಆದರೆ ಯಾರೋ ಕಾಳಜಿಯಿಂದ ಬರೆದಿದ್ದಾರೆ ಅನಿಸಿತು, ಅದಕ್ಕೆ ಅಳಿಸಿಲ್ಲ. ವಿಶ್ರಾಂತಿಯ ದಿನ ಯಾವುದು ಎಂದು ಅವರವರೇ ಆರಿಸಿಕೊಳ್ಳುವಂತೆ ಮಾಡಿದ್ದೇನೆ. ಏನೂ ಆರಿಸದಿದ್ದರೆ ನೀವು ಇಟ್ಟಂತೆ ಸೋಮವಾರವೇ ಉಳಿಯುತ್ತದೆ.’

ಇಂಥವರಿಗೆ ನಾನು ನಿಮ್ಮ ಸೋಮವಾರ ಪರೀಕ್ಷಿಸಿಕೊಳ್ಳಿ ಎಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾದವು. ನಗು ನಿಂತಿತು.

ಈಗ ದಾರಿ ಸುಲಭವಾಗಿತ್ತು. ತಿದ್ದುಪಡಿ ಒಪ್ಪುವುದು, ಅದನ್ನು ಯಂತ್ರಕ್ಕೆ ಇಳಿಸುವುದು, ವಿಶ್ರಾಂತಿಯ ದಿನ ‘ಇಲ್ಲ’ ಎಂದು ಆರಿಸುವುದು. ಹತ್ತು ನಿಮಿಷದ ಕೆಲಸ. ಒಪ್ಪಿದೆ. ಇಳಿಸಲು ಹೊರಡುವಷ್ಟರಲ್ಲಿ ಅಪ್ಪ ಕೋಲೂರುತ್ತ ದಂಡೆ ಹತ್ತಿ ಬಂದ.

“ಏನಾಗೇತಿ ಅದಕ್ಕ?”

“ಏನೂ ಆಗಿಲ್ಲಪ್ಪಾ. ಇವತ್ತ ಸೋಮವಾರ. ನೀ ಹೇಳಿದ್ದಿ, ನಾ ಬರದಿದ್ದೆ. ನಾ ಮರತೀನಿ, ಅದು ಮರತಿಲ್ಲ.”

ಅಪ್ಪ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತ.

“ಖರೇನ ಬರದಿದ್ದೇನು?”

“ಹೂಂ ಮತ್ತ. ನಿನ್ನ ಎದುರಿಗೇ ಬರದಿದ್ನೆಲ್ಲ.”

“ನಾ ತಿಳಕೊಂಡಿದ್ದೆ, ಮುದುಕನ ಬಾಯಿ ಮುಚ್ಚಸಾಕ ಹೂಂ ಅಂದಾಳ ಅಂತ.” ಕೋಲಿನ ತುದಿಯಿಂದ ಮಣ್ಣು ಕೆದಕುತ್ತ, “ಮೂರ ವರ್ಷ ಹಂಗ ತಿಳಕೊಂಡಿದ್ದೆ. ಮುಂಜಾನಿ ಗಾಡ್ಯಾಗೂ ಅದನ್ನ ಮನಸಿನ್ಯಾಗ ಇಟಗೊಂಡ ಕುಂತಿದ್ದೆ” ಎಂದ.

ಮೂರು ವರ್ಷ ನನ್ನನ್ನು ಸುಳ್ಳುಗಾತಿ ಎಂದು ತಿಳಿದೂ ಪ್ರತಿ ಭಾನುವಾರ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು, ಚಹಾ ಕಾಸಿ, ತಗಡಿನ ಮೇಲಿನ ಧೂಳು ಒರೆಸಿ ಇಟ್ಟಿದ್ದ.

“ಅಪ್ಪಾ, ಒಂದ ಗುಂಡಿ ಒತ್ತಿದ್ರ ಈಗ ನಡೀತೈತಿ. ಒತ್ತಲೇನು?”

“ನನಗ್ಯಾಕ ಕೇಳ್ತಿ? ನನಗ ಕೊಟ್ಟ ಮಾತೂ ನಿಂದ, ಗಂಡಗ ಕೊಟ್ಟ ಮಾತೂ ನಿಂದ.” ಅಷ್ಟು ಹೇಳಿ ಅಪ್ಪ ಮೆಲ್ಲಗೆ ಇಳಿದು ಹೋಗಿ ತಗಡಿನ ಪಕ್ಕ ಬಿಸಿಲಲ್ಲೇ ಕುಕ್ಕರಗಾಲಿನಲ್ಲಿ ಕೂತ.

ಹೆಬ್ಬೆರಳು ಫೋನಿನ ಮೇಲೆ ಇತ್ತು. ಒತ್ತಿದರೆ ಶಿರೋಳ ನನ್ನದು. ಒತ್ತದಿದ್ದರೆ ನಾಳೆ ಮಂಗಳವಾರ, ಎಲ್ಲರಿಗೂ ಅವರವರ ಎಡೆ ಕೆಲಸ, ನೋಡಲು ಯಾರೂ ಬರುವುದಿಲ್ಲ. ನಾನು ಲೆಕ್ಕಾಚಾರದ ಹೆಂಗಸು ಎಂದು ನನಗೇ ನಂಬಿಕೆ ಇತ್ತು. ಆದರೆ ಓದಲು ಬಾರದ ಯಾರೋ ಒಬ್ಬರು ಆ ಸಾಲುಗಳನ್ನು ಅಳಿಸದೆ ಉಳಿಸಿದ್ದಾರೆ. ಬರೆದವಳು ನಾನೇ ಅಳಿಸಲೇ? ಫೋನು ಸೊಂಟಕ್ಕೆ ಸಿಕ್ಕಿಸಿದೆ. ಹಾಗೆ ಸಿಕ್ಕಿಸಿದ ಕೂಡಲೇ ಮೈ ಹಗುರಾಗಿ ಮತ್ತೆ ನಗು ಉಕ್ಕಿತು, ಓಡಿಕೊಂಡೇ ದಂಡೆ ಇಳಿದೆ.

“ತಪ್ಪ ತಿಳೀಬ್ಯಾಡ್ರಿ,” ಎಂದೆ ಎಲ್ಲರಿಗೂ ಕೇಳುವಂತೆ. “ಇವತ್ತ ಇದು ನಡ್ಯಂಗಿಲ್ರಿ. ಸೋಮವಾರ ಹೂಡಬಾರದು ಅಂತ ನಮ್ಮಪ್ಪ ಹೇಳಿದ್ದ, ಹಂಗ ಇದಕ್ಕ ಕಲಿಸೀನಿ. ಕಲಿಸಿದ್ದ ನಾನ ಮರತಿದ್ದೆ.”

ಯಾರೋ “ತಗಡಿಗೂ ವಾರ ಬಂತಲೇ!” ಎಂದರು, ಬದುವಿಗೆ ಬದುವೇ ನಕ್ಕಿತು. ನಾನೂ ನಕ್ಕೆ. ರುಮಾಲಿನ ಹಿರಿಯರು ಮಾತ್ರ ನಗಲಿಲ್ಲ. ಅರ್ಧ ಮುಚ್ಚಿದ ಕಣ್ಣಿನಿಂದ ತಗಡನ್ನೂ ಅಪ್ಪನನ್ನೂ ನೋಡಿದರು.

“ನಾಳೆ ಎಡಿ ಹೊಡ್ಯೂದೈತ್ರಿ. ನಿಂತ ನೋಡಾಕ ಯಾರಿಗೂ ಪುರಸೊತ್ತ ಇಲ್ಲ,” ಎಂದರು. “ಇರಲಿ, ನಮ್ಮ ಕೊಟ್ಟಿಗ್ಯಾಗ ಕಟ್ರಿ.”

ರಾತ್ರಿ ಉಳಿಯಲು ನಾನೂ ಅಪ್ಪನೂ ಹಿರಿಯರ ಮನೆಗೆ ಹೋದಾಗ ಗಂಡ ಫೋನು ಮಾಡಿದ. “ನಡೀತೇನು?” “ಇವತ್ತ ಅದಕ್ಕ ಸೂಟಿ” ಎಂದು ಎಲ್ಲ ಹೇಳಿದೆ. ಅವನು ಎಷ್ಟು ಹೊತ್ತು ನಕ್ಕನೆಂದರೆ ನನಗೆ ಸಿಟ್ಟೇ ಬಂತು. ನಕ್ಕು ಮುಗಿಸಿ, “ಆದ್ರೂ ಮಾತ ಮಾತ ಐತಿ” ಎಂದ. ಇನ್ನೂ ಒಂದು ದಿನದ ರಜೆ ಬೇಡಿ ಕಾಲೇಜಿಗೆ ಸಂದೇಶ ಕಳಿಸಿದೆ.

ಮಂಗಳವಾರ ಬಿಸಿಲು ಏರುವ ಮೊದಲೇ ಹೊಲಕ್ಕೆ ಹೋದರೆ ನಾಲ್ಕು ಜೋಡಿ ಎತ್ತು ಆಗಲೇ ಎಡೆಯಲ್ಲಿದ್ದವು. ಬದು ಖಾಲಿ. ಭಾಷಣ ಕೇಳುವವರಿಲ್ಲ, ಸಲಹೆ ಕೊಡುವವರಿಲ್ಲ. ಹಿರಿಯರು ತಮ್ಮ ಕುಂಟೆಯ ಮೇಣಿಯಿಂದ ಕೈ ತೆಗೆಯದೆಯೇ ಕೂಗಿದರು: “ಆ ಐದನೇ ಪಟ್ಟಿಗೆ ಹಚ್ರಿ ಅದನ್ನ!”

ಹಚ್ಚಿದೆ. ಗುಂಡಿ ಒತ್ತಿದೆ. ಹಸಿರು ದೀಪ, ಕುಂಟೆ ಇಳಿಯಿತು, ಚಕ್ರ ತಿರುಗಿತು! ತಗಡ ಹೊರಟಿತು. ನಾನು ಹಿಂದೆ ಹಿಂದೆ ಓಡಿದೆ. ಪಕ್ಕದ ಪಟ್ಟಿಯ ಎತ್ತು ಒಮ್ಮೆ ಬುಸ್ ಎಂದು ನೋಡಿ ತನ್ನ ಕೆಲಸಕ್ಕೆ ಹೋಯಿತು. ಬದುವಿಗೆ ಬಂದು ತಗಡ ಹೊರಳಿತು, ಪಕ್ಕದ ಸಾಲು ಹಿಡಿಯಿತು. ಏಳನೆಯ ತಿರುವಿನಲ್ಲಿ ದಾರಿ ತಪ್ಪಿ ಹಿರಿಯರ ಎತ್ತಿನ ಹಿಂದೆಯೇ ಹೊರಟಾಗ ಜೀವ ಬಾಯಿಗೆ ಬಂತು. ಅಪ್ಪ ಕೋಲು ಅಡ್ಡ ಹಿಡಿದ, ಕ್ಯಾಮೆರಾ ಕೋಲನ್ನು ಬದುವೆಂದು ತಿಳಿದು ತಿರುಗಿತು, ಸರಿಹೋಯಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಐದನೆಯ ಪಟ್ಟಿ ಮುಗಿದಿತ್ತು. ನಾನು ಕುಣಿದೆ, ಶಿರೋಳದ ಮಂದಿಗೆ ಅದು ಹೊಸದು, ನಾಲ್ಕು ಕುಂಟೆಯೂ ಒಂದು ಗಳಿಗೆ ನಿಂತವು.

ಹಿರಿಯರು ಎತ್ತು ಬಿಚ್ಚಿ, ನಡೆದುಬಂದು, ಐದನೆಯ ಪಟ್ಟಿಯ ಮಣ್ಣನ್ನು ಅಂಗಾಲಿನಿಂದ ಒತ್ತಿ ನೋಡಿದರು. ಬಿದ್ದ ಕಳೆ ಎತ್ತಿ ಬೇರು ನೋಡಿದರು. ಮೂರು ಗಿಡ ಕೆಟ್ಟಿದ್ದವು, ಅವನ್ನೂ ನೋಡಿದರು. ಅವರು ಮಾತಾಡಿದ್ದು ನನ್ನೊಂದಿಗಲ್ಲ, ಅಪ್ಪನೊಂದಿಗೆ.

“ಹಂಗಾಮ ಮುಗಿಯೂತನಕ ಇಲ್ಲೇ ಇರಲಿರಿ. ಸೋಮವಾರ ಬಿಟ್ಟ.”

ಮನೆಗೆ ಬಂದು ಆ ಬೂದು ವೃತ್ತದವರಿಗೆ ಉದ್ದನೆಯ ಕ್ಷಮಾಪಣೆ ಬರೆದೆ. ಎತ್ತು, ನೊಗ, ಅಪ್ಪ, ಶಿರೋಳ ಎಲ್ಲ ವಿವರಿಸಿದೆ. ಎರಡು ದಿನದಲ್ಲಿ ಉತ್ತರ ಬಂತು: ತಮ್ಮ ಗಾಡಿಗೆ ಬೇರೆ ದಿನ ಆರಿಸಿದ್ದರಂತೆ, ಈಗ ಮತ್ತೆ ಸೋಮವಾರಕ್ಕೇ ತಿರುಗಿಸಿದ್ದಾರಂತೆ. ಕೆಳಗೆ ಒಂದು ನಕ್ಷತ್ರ. ಎರಡು ಸಲ ನೋಡಿದೆ, ನನ್ನ ಹೆಬ್ಬೆರಳಿನದಲ್ಲ. ಆದರೆ ಈ ಸಲ ಮಿರ್ಚಿ ತರಿಸಲಿಲ್ಲ, ಮನೆಯಲ್ಲೇ ಕರಿದೆ.

ಮುಂದಿನ ಸೋಮವಾರ ಶಿರೋಳದಿಂದ ಫೋನು. “ಬಾಯಾರ, ಎತ್ತ ಹೂಡಿಲ್ರಿ, ಕೊಟ್ಟಿಗ್ಯಾಗ ಅದಾವ. ನಿಮ್ದೂ ಅಲ್ಲೇ ನಿಂತೈತಿ. ಅಪ್ಪಾರಿಗೆ ಹೇಳ್ರಿ.” ಅಪ್ಪನಿಗೆ ಫೋನು ಹಚ್ಚಿ ಹೇಳಿದೆ. ಅಪ್ಪ ಕೇಳಿದ:

“ನೀರ ಕುಡಿಸ್ಯಾರೇನ ಅದಕ್ಕ? ಕೇಳು.”

ಐದು ವರ್ಷದಲ್ಲಿ ಮೊದಲ ಸಲ ಅವನು ತಗಡಿನ ಬಗ್ಗೆ, ಎತ್ತಿನ ಬಗ್ಗೆ ಕೇಳುವಂತೆ ಕೇಳಿದ. ನಾನು ಶಿರೋಳಕ್ಕೆ ಮತ್ತೆ ಫೋನು ಮಾಡಿ, ನಗು ತಡೆದುಕೊಂಡು, ನೀರು ಕುಡಿಸಿದ್ದೀರಾ ಎಂದು ಕೇಳಿದೆ. ಚಾರ್ಜಿಗೆ ಹಚ್ಚಿದ್ದೇವೆ, ಮೈಯನ್ನೂ ಒರೆಸಿದ್ದೇವೆ ಎಂದರು.